ನಮ್ಮ ಗಾಡಿಗೊಂದು ‘ಮೊಗೆ ಪಂಪು’

ಕಪ್ಪೆ ಉಭಯವಾಸಿ ಎಂದು ಮಕ್ಕಳು ವಿಜ್ಞಾನದ ಪಾಠದಲ್ಲಿ ಕಲಿತಿರುತ್ತಾರೆ. ನೆಲದ ಮೇಲೂ ಇರುತ್ತದೆ, ನೀರಿನಲ್ಲೂ ಇರುತ್ತದೆ. ನಾವಿರುವ ಒಂಟಾರಿಯೋದಲ್ಲಿ ಗಾಡಿಗಳಲ್ಲೂ ಈ ಜಾತಿಯವು ಉಂಟು. ಆರು ಅಥವಾ ಎಂಟು ದಪ್ಪ ಚಕ್ರ, ಅದರ ಮೇಲೆ ತೊಟ್ಟಿಯಂಥ ಪ್ಲಾಸ್ಟಿಕ್ ಒಡಲು. ಕೆಸರು, ಹಿಮ, ಜೌಗು ಎಲ್ಲದರಲ್ಲೂ ಹೋಗುತ್ತದೆ. ಕೆರೆ ಎದುರಾದರೆ ಹಾಗೆಯೇ ಇಳಿದು ತೇಲುತ್ತದೆ. ಹುಟ್ಟು ಹಾಕುವ ಕೆಲಸ ತಿರುಗುವ ಚಕ್ರಗಳದ್ದೇ. ವೇಗ ಮಾತ್ರ ನಾವು ನಡೆದಷ್ಟೇ! ಇಲ್ಲಿನ ನ್ಯೂ ಹ್ಯಾಂಬರ್ಗ್ ಊರಿನಲ್ಲಿ ‘ಆರ್ಗೋ’ ಎಂಬ ಇಂಥ ಗಾಡಿಗಳ ತಯಾರಿಕೆ 1967ರಲ್ಲೇ ಶುರುವಾಗಿತ್ತು.

ನಾವು ಮತ್ತು ನಮ್ಮ ಭಾವನವರ ಮನೆಯವರು ಸೇರಿ ಇಂಥದ್ದೇ ಎಂಟು ಚಕ್ರದ ಹಳೆಯ ಗಾಡಿಯೊಂದನ್ನು ಕೊಂಡೆವು. ಅದು ಇರುವುದು ಹ್ಯಾಲಿಬರ್ಟನ್ ಕಡೆಯ ಕಾಟೇಜಿನಲ್ಲಿ. ಮೊದಲ ಬೇಸಿಗೆಯಲ್ಲಿ ಅರ್ಧ ಗಂಟೆ ನೀರಿನಲ್ಲಿ ತಿರುಗಿ ದಡಕ್ಕೆ ಬಂದಾಗ ಹಿಂಭಾಗ ಸ್ವಲ್ಪ ಕುಸಿದಂತೆ ಕಂಡಿತು. ಕಾಲಡಿಯ ಹಲಗೆ ಎತ್ತಿ ನೋಡಿದರೆ ಕೆಳಗೆ ನೀರು. ಎಂಟು ಚಕ್ರವೆಂದರೆ ಅಚ್ಚುಗಳು ಒಡಲಿನಿಂದ ಹೊರಬರುವ ಎಂಟು ತೂತು. ಒಂದೊಂದಕ್ಕೂ ರಬ್ಬರಿನ ಸೀಲು ಇರುತ್ತದೆ. ಮರಳು, ಕೆಸರು ತಾಗಿ ತಾಗಿ ಅದು ಸವೆಯುತ್ತದೆ, ನೀರು ಜಿನುಗುತ್ತದೆ. ಹಲಗೆ ಮುಚ್ಚಿಕೊಂಡಿರುವುದರಿಂದ ಕೂತವರಿಗೆ ಗೊತ್ತೇ ಆಗುವುದಿಲ್ಲ.

ಜಿನುಗು ನೀರಿಗೆ ಇಷ್ಟು ಗಾಬರಿ ಏಕೆ ಎನ್ನಬಹುದು. ದೊಡ್ಡ ತರಗತಿಯ ಮಕ್ಕಳೇ, ಲೆಕ್ಕ ಹಾಕಿ ನೋಡಿ. 2 ಮೀಟರ್ ಉದ್ದ, 1 ಮೀಟರ್ ಅಗಲದ ತಳದಲ್ಲಿ 5 ಸೆಂಟಿಮೀಟರ್ ನೀರು ನಿಂತರೆ ಅದು 100 ಲೀಟರ್, ಅಂದರೆ 100 ಕಿಲೋ ತೂಕ. ಕಣ್ಣಿಗೆ ಕಾಣದ ಒಬ್ಬ ದಪ್ಪ ಪ್ರಯಾಣಿಕ ಹತ್ತಿ ಕುಳಿತಂತೆ! ಆತ ಸುಮ್ಮನೆ ಕೂರುವವನೂ ಅಲ್ಲ. ಗಾಡಿ ಯಾವ ಕಡೆ ವಾಲುತ್ತದೋ ಅದೇ ಕಡೆಗೆ ಓಡಿ ಇನ್ನಷ್ಟು ವಾಲಿಸುತ್ತಾನೆ.

ಸವೆದ ಸೀಲುಗಳನ್ನು ಬದಲಾಯಿಸಿದೆವು. ಅದರ ಜೊತೆಗೆ ದೋಣಿಗಳಲ್ಲಿ ಹಾಕುವ ಬಿಲ್ಜ್ ಪಂಪು ಕೂಡ ಬೇಕು ಎಂದು ತೀರ್ಮಾನಿಸಿದೆವು. ಬಿಲ್ಜ್ ಎಂದರೆ ದೋಣಿಯ ಒಡಲಿನ ಅತಿ ತಗ್ಗಿನ ಜಾಗ. ಅಲ್ಲಿ ಸೇರಿದ ನೀರನ್ನು ಎತ್ತಿ ಹೊರಚೆಲ್ಲುವ ಮುಷ್ಟಿಗಾತ್ರದ ಯಂತ್ರವಿದು. ನಮ್ಮ ಕರಾವಳಿಯ ದೋಣಿಗಳಲ್ಲಿ ಕತ್ತರಿಸಿದ ಡಬ್ಬಿಯಿಂದ ನೀರು ಮೊಗೆಯುವುದನ್ನು ನೋಡಿದವರಿಗೆ ಇದರ ಕೆಲಸ ಬೇರೆ ಹೇಳಬೇಕಿಲ್ಲ. ಮನೆಯಲ್ಲಿ ಇದಕ್ಕೆ ‘ಮೊಗೆ ಪಂಪು’ ಎಂದೇ ಹೆಸರಾಯಿತು. ಭಾಷೆ ಕಲಿಸುವವರ ಮನೆಯಲ್ಲಿ ಇಷ್ಟಾದರೂ ಆಗಬೇಡವೇ?

ಪಂಪು ಕೂರಿಸುವುದು ಪುಸ್ತಕದಲ್ಲಿ ಸುಲಭ. ನೀರು ಸೇರುವ ಕಡೆಗೇ ಅದನ್ನು ಇಡಬೇಕು. ಜನ ಕೂತಾಗ ನಮ್ಮ ಗಾಡಿಯ ಹಿಂಭಾಗ ತಗ್ಗುತ್ತದೆ, ಆದ್ದರಿಂದ ಹಿಂದೆ. ಆದರೆ ಅಂಟಿಸುವುದು ಹೇಗೆ? ಗಾಡಿಯ ಒಡಲು ಪಾಲಿಎಥಿಲೀನ್, ನಮ್ಮ ನೀರಿನ ಡ್ರಮ್ಮುಗಳಂಥ ಪ್ಲಾಸ್ಟಿಕ್. ಸಾಮಾನ್ಯ ಗೋಂದು, ಸಿಲಿಕೋನ್ ಯಾವುದೂ ಅದಕ್ಕೆ ಗಟ್ಟಿಯಾಗಿ ಹಿಡಿಯುವುದಿಲ್ಲ. ತಳಕ್ಕೆ ಸ್ಕ್ರೂ ಹೊಡೆದರೆ ನೀರಿಗೆ ನಾವೇ ಹೊಸ ಬಾಗಿಲು ತೆರೆದಂತೆ. ಕೊನೆಗೆ ಅಲ್ಯೂಮಿನಿಯಂ ಪಟ್ಟಿಯೊಂದನ್ನು ಬಗ್ಗಿಸಿ ಒಳಗಿನ ಕಬ್ಬಿಣದ ಚೌಕಟ್ಟಿಗೆ ಬೋಲ್ಟ್ ಮಾಡಿ, ಅದಕ್ಕೆ ಪಂಪು ಕಟ್ಟಿದೆವು. ಪಂಪಿನ ಜಾಲರಿ ಮಾತ್ರ ತಳಕ್ಕೆ ತಾಗುವಂತಿದೆ.

ನೀರು ಹೊರಹೋಗಲು ಪಕ್ಕದಲ್ಲಿ ಒಂದು ತೂತು ಬೇಕೇ ಬೇಕು. ಡ್ರಿಲ್ ಹಿಡಿದಾಗ ಮಗ ಕೇಳಿದ: “ಅಪ್ಪಾ, ಮುಳುಗಬಾರದು ಅಂತ ತೂತು ಕೊರೀತಾರಾ?” ಒಳ್ಳೆಯ ಪ್ರಶ್ನೆ. ಗಾಡಿ ತುಂಬ ಜನ ಕೂತಾಗ ನೀರು ಎಲ್ಲಿಯವರೆಗೆ ಬರುತ್ತದೆಂದು ಮೊದಲೇ ಗುರುತು ಹಾಕಿದ್ದೆವು. ತೂತು ಕೊರೆದದ್ದು ಅದಕ್ಕಿಂತ ಬಹಳ ಮೇಲೆ, ಒಡಲಿನ ಅಂಚಿನ ಹತ್ತಿರ. ಕೆಳಗಿದ್ದರೆ ಪಂಪು ನಿಂತ ಕೂಡಲೇ ಅದೇ ಕೊಳವೆಯಲ್ಲಿ ಕೆರೆ ಒಳಗೆ ಬರುತ್ತದೆ. ವೈರಿನ ಕೆಲಸ ಬೇಗ ಮುಗಿಯಿತು. ಪಂಪಿನ ಮೇಲೆ ಬರೆದಷ್ಟೇ ಆಂಪಿಯರಿನ ಫ್ಯೂಸನ್ನು ಬ್ಯಾಟರಿಯ ಪಕ್ಕದಲ್ಲೇ ಹಾಕಿದೆವು. ಜೋಡಣೆಗಳಿಗೆಲ್ಲ ನೀರು ಹೋಗದ ಕವಚ ತೊಡಿಸಿದೆವು. ಅದಕ್ಕೂ ಮುಂಚೆ ತಳದಲ್ಲಿ ಸೇರಿದ್ದ ಚೈನಿನ ಎಣ್ಣೆಯನ್ನು ಬಟ್ಟೆಯಿಂದ ಒರೆಸಲು ಇಡೀ ಒಂದು ಮಧ್ಯಾಹ್ನ ಹೋಯಿತು. ಎಣ್ಣೆ ನೀರನ್ನು ಕೆರೆಗೆ ಚೆಲ್ಲುವುದು ಇಲ್ಲಿ ಕಾನೂನಿಗೆ ವಿರುದ್ಧ. ಅದೂ ಅಲ್ಲದೆ, ಅದೇ ಕೆರೆಯಲ್ಲಿ ನಮ್ಮ ಮಕ್ಕಳು ಈಜುತ್ತಾರೆ.

ಪರೀಕ್ಷೆ ನಡೆದದ್ದು ಅಂಗಳದಲ್ಲಿ. ತಳದ ಬಿರಡೆಗಳನ್ನು ಮುಚ್ಚಿ 40 ಲೀಟರ್ ನೀರು ಸುರಿದೆವು. ಪಂಪಿನ ಡಬ್ಬದ ಮೇಲೆ ಗಂಟೆಗೆ ಸುಮಾರು 1,900 ಲೀಟರ್ ಎಂದಿತ್ತು, ಅಂದರೆ ನಿಮಿಷಕ್ಕೆ 31. ಆದರೆ ಅದು ನೀರನ್ನು ಮೇಲೆತ್ತುವ ಶ್ರಮವಿಲ್ಲದಾಗಿನ ಲೆಕ್ಕ. ನಮ್ಮಲ್ಲಿ ನೀರು ಖಾಲಿಯಾಗಲು ಎರಡು ನಿಮಿಷ ಹಿಡಿಯಿತು, ಅಂದರೆ ನಿಮಿಷಕ್ಕೆ 20 ಲೀಟರ್.

ಮಕ್ಕಳು ಕುಣಿದಾಡಿದರು. “ಈಗ ಕೆರೆಯ ಆಚೆ ದಡಕ್ಕೆ ಹೋಗೋಣ ಅಮ್ಮಾ!” ಭಾವನವರಿಗೂ ಉತ್ಸಾಹ. “ಪಂಪು ಇದೆಯಲ್ಲ ಮಾರಾಯ್ತಿ, ಇನ್ನೇನು ಹೆದರಿಕೆ?” ಎಂದರು. ನಾವಿಬ್ಬರೂ ಒಪ್ಪಲಿಲ್ಲ. ಕಾಗದದ ಮೇಲೆ ಇನ್ನೊಂದು ಲೆಕ್ಕ ಹಾಕಿ ಅವರ ಮುಂದಿಟ್ಟೆವು. ನೀರಿನ ಮಟ್ಟಕ್ಕಿಂತ 30 ಸೆಂಟಿಮೀಟರ್ ಕೆಳಗೆ 25 ಮಿಲಿಮೀಟರಿನ ಒಂದು ತೂತು ತೆರೆದಿದ್ದರೆ ನಿಮಿಷಕ್ಕೆ 40 ಲೀಟರಿಗೂ ಮಿಕ್ಕಿ ನೀರು ನುಗ್ಗುತ್ತದೆ. ಪಂಪು ಹೊರಹಾಕುವುದು ಅದರ ಅರ್ಧ. ಒಂದು ಬಿರಡೆ ಕಳಚಿಕೊಂಡರೂ ಗೆಲ್ಲುವುದು ಕೆರೆಯೇ. ಪಂಪು ಕೊಡುವುದು ದಡ ಸೇರಲು ಒಂದಿಷ್ಟು ಹೊತ್ತು ಮಾತ್ರ. ನಡಿಗೆಯ ವೇಗದ ಗಾಡಿಗೆ ಆ ಹೊತ್ತಿನಲ್ಲಿ ಎಷ್ಟು ದೂರ ಸಾಧ್ಯವೋ ಅಷ್ಟೇ ದೂರ ನಾವು ಹೋಗಬಹುದು. ಭಾವನವರು ಕಾಗದವನ್ನು ಎರಡು ಸಲ ಓದಿ, “ಸರಿ, ದಡ ಬಿಟ್ಟು ಐವತ್ತು ಮೀಟರ್ ದಾಟುವುದು ಬೇಡ” ಎಂದರು. ಆಚೆ ದಡ ನೋಡಬೇಕೆಂದಿದ್ದ ಮಗ ಅಂದು ಸಂಜೆ ಯಾರೊಡನೆಯೂ ಮಾತಾಡಲಿಲ್ಲ.

ಈಗ ಗಾಡಿ ನೀರಿಗಿಳಿಯುವ ಮುಂಚೆ ಬಿರಡೆ ಎಣಿಸುವ ಕೆಲಸ ಅವನದೇ. ಎಲ್ಲರೂ ಲೈಫ್ ಜಾಕೆಟ್ ಹಾಕಿದ ಮೇಲೆಯೇ ಕೀಲಿ ಅಪ್ಪನ ಕೈಗೆ ಸಿಗುತ್ತದೆ. ಜಾಲರಿಗೆ ಎಲೆ, ಕೆಸರು ಕಟ್ಟಿಕೊಳ್ಳುವುದನ್ನು ವಾರಕ್ಕೊಮ್ಮೆ ಬಿಡಿಸುತ್ತೇವೆ. ನವೆಂಬರ್ ಬರುವಷ್ಟರಲ್ಲಿ ಪಂಪು, ಕೊಳವೆ ಎರಡನ್ನೂ ಪೂರ್ತಿ ಬಸಿದಿಡಬೇಕು. ಒಳಗೆ ಉಳಿದ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಪಂಪಿನ ಹೊಟ್ಟೆ ಸೀಳುತ್ತದೆ.