ಗಾಲಿಯ ಮೇಲೆ 75 ದಿನಗಳು

ಅಂಗಡಿ ಬಿಟ್ಟು ಎರಡು ದಿನ ಹೊರಗಿದ್ದರೆ ಮೂರನೆಯ ದಿನ ಊಟ ರುಚಿಸದ ಮಂದಿ ನಾವು. ಸೊಲ್ಲಾಪುರದಿಂದ ವಾಡಿಗೆ ಹೋಗುವ ರೈಲು ಹಾದಿಯ ಮೇಲೆ, ಕರ್ನಾಟಕದ ಗಡಿಗೆ ಹತ್ತಿಕೊಂಡಿರುವ ದುಧನಿ ನಮ್ಮೂರು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಪೇಟೆಯಲ್ಲಿ ತೊಗರಿ. ಪುಷ್ಯ-ಮಾಘ ಮಾಸಗಳೆಂದರೆ ಅಡತಿ ಅಂಗಡಿಯವರಿಗೆ ಸುಗ್ಗಿಯ ಕಾಲ. ಅಂಥ ಕಾಲದಲ್ಲೇ, 2018ರ ಜನವರಿ 17ರಂದು, ಅಂಗಡಿಯನ್ನು ಕಾಕಾ ಅವರಿಗೆ ಒಪ್ಪಿಸಿ ನಾವು ಮನೆಯಿಂದ ಹೊರಬಿದ್ದೆವು.

ಇದಕ್ಕೆ ಕಾರಣ ನಮ್ಮ ಅವ್ವ. 1981ರ ಫೆಬ್ರವರಿಯಲ್ಲಿ ಶ್ರವಣಬೆಳಗೊಳದ ಬಾಹುಬಲಿ ಸ್ವಾಮಿಗೆ ಸಾವಿರ ವರ್ಷ ತುಂಬಿದ ಮಹಾಮಸ್ತಕಾಭಿಷೇಕ. ಮುತ್ಯಾ ಊರಿನ ಹಿರಿಯರೊಂದಿಗೆ ಹೋಗಿ ಬಂದರು. ಅವ್ವ ಬಾಣಂತಿಕೋಣೆಯಲ್ಲಿದ್ದಳು, ಮಗ್ಗುಲಲ್ಲಿ ನಮ್ಮ ಅಣ್ಣ. 1993ರಲ್ಲಿ ವ್ಯಾಪಾರ ಅಡ್ಡಬಂತು. 2006ರಲ್ಲಿ ಅಪ್ಪನ ಶಸ್ತ್ರಚಿಕಿತ್ಸೆ. ಪ್ರತಿ ಸಲವೂ ಅವ್ವ "ಮುಂದಿನ ಸಲ ನೋಡೂಣು" ಎಂದಳೇ ಹೊರತು ಬೇರೆ ಮಾತಾಡಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಆ ಮಾತು ನಮ್ಮನ್ನು ಚುಚ್ಚತೊಡಗಿತು. ಅವಳಿಗೆ ಅರವತ್ತು ತುಂಬುವ ವರ್ಷವೇ ಮಹಾಮಸ್ತಕಾಭಿಷೇಕವೂ ಬಂದಿತ್ತು. ದಾರಿಯ ಕ್ಷೇತ್ರಗಳನ್ನೆಲ್ಲ ನಿಧಾನವಾಗಿ ತೋರಿಸುತ್ತ ಕರೆದೊಯ್ಯಬೇಕೆಂದು ನಿಶ್ಚಯಿಸಿದೆವು. ತಮ್ಮನ ಹೆಂಡತಿ ಚೊಚ್ಚಲ ಹೆರಿಗೆಗೆ ತವರುಮನೆ ಬೆಳಗಾವಿಯಲ್ಲಿದ್ದಳು. ವೈದ್ಯರು ಹೇಳಿದ್ದು ಮಾರ್ಚ್ ಎರಡನೆಯ ವಾರ. ಫೆಬ್ರವರಿ 20ಕ್ಕೆ ನಮ್ಮ ಕಲಶ ಗೊತ್ತಾಗಿತ್ತು. ಅದನ್ನು ಮುಗಿಸಿ ಬೆಳಗಾವಿಗೆ ಹೋಗುವುದೆಂದು ಲೆಕ್ಕ ಹಾಕಿದ್ದೆವು.

ಹಳೆಯ ಟೆಂಪೋ ಟ್ರಾವೆಲರ್ ಒಂದನ್ನು ಕೊಂಡು, ಹಿಂದಿನ ಆಸನಗಳನ್ನು ತೆಗೆಸಿ, ಒಲೆ, ಪಾತ್ರೆ, ಹಾಸಿಗೆಗಳಿಗೆ ಜಾಗ ಮಾಡಿಸಿದೆವು. ಅವ್ವ, ಅಣ್ಣ-ಅತ್ತಿಗೆ, ಅವರ ಮಗ, ತಮ್ಮ, ನಾವಿಬ್ಬರು, ಒಟ್ಟು ಏಳು ಜನ. ಸಾಮಾನು ಏರಿಸುವಾಗ ಅವ್ವ ಸಣ್ಣ ಬೀಸುವ ಕಲ್ಲನ್ನೂ ತರಿಸಿದಳು. ನಾವು ನಕ್ಕೆವು. ಆದರೆ ಹಿಟ್ಟಿನ ಮರ್ಯಾದೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ. ವಾರಕ್ಕೊಮ್ಮೆ ಕಂಡ ಊರಿನಲ್ಲಿ ಶುದ್ಧವಾದ ಗಿರಣಿ ಎಲ್ಲಿ ಹುಡುಕುವುದು? ಎಂಟನೆಯ ದಿನ ಆ ಕಲ್ಲೇ ನಮ್ಮ ಮಾನ ಉಳಿಸಿತು. ನೀರು ಸೋಸುವ ಬಟ್ಟೆಯ ಜೊತೆಗೆ ಹಗ್ಗ-ಕೊಡವನ್ನೂ ಇಟ್ಟುಕೊಂಡಿದ್ದೆವು. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಮರಳಿ ಇಳಿಸಬೇಕಲ್ಲವೇ? ಮನೆಯಲ್ಲಿ ನಲ್ಲಿ ತಿರುಗಿಸುವ ನಮಗೆ ಈ ಅಭ್ಯಾಸ ತಪ್ಪಿಹೋಗಿತ್ತು. ಗಾಡಿ ಅದನ್ನು ಮತ್ತೆ ಕಲಿಸಿತು.

ಮೊದಲ ದರ್ಶನ ಮಳಖೇಡದ ನೇಮಿನಾಥ ಬಸದಿ. ಅಮೋಘವರ್ಷನ ರಾಜಧಾನಿ ನಮ್ಮೂರಿಗೆ ಇಷ್ಟು ಹತ್ತಿರವಿದ್ದರೂ ನಮ್ಮಲ್ಲಿ ನಾಲ್ವರು ಅದನ್ನು ನೋಡಿರಲಿಲ್ಲ. ಅಲ್ಲಿಂದ ವಿಜಯಪುರ, ಐಹೊಳೆ, ಲಕ್ಕುಂಡಿ. ಗಾಡಿಯ ಮೇಲಿನ ಎಂಎಚ್ 13 ನೋಡಿ ಜನ ಹಿಂದಿಯಲ್ಲಿ ಮಾತಾಡಿಸುವರು. ಅವ್ವ ಕನ್ನಡದಲ್ಲಿ ಉತ್ತರಿಸಿದರೆ ಬೆರಗಾಗುವರು. ಲಕ್ಕುಂಡಿಯಲ್ಲಿ 1007ರಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಜಿನಾಲಯದ ಮುಂದೆ ಅವ್ವ ಬಹಳ ಹೊತ್ತು ಕುಳಿತಳು. ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಿ ಹಂಚಿದ ತಾಯಿ ಆಕೆ. "ಸಾವಿರ ಪ್ರತಿಗಿ ಓಲೆಗರಿ ಎಷ್ಟು ಬೇಕಾಗಿರಬೇಕು?" ಎಂದು ಅವ್ವ ಕೇಳಿದಳು. ವ್ಯಾಪಾರಿಗಳ ಮನೆಯ ಪ್ರಶ್ನೆ!

ಹುಂಚದ ಪದ್ಮಾವತಿಯ ದರ್ಶನ ಮಾಡಿ ಕಾರ್ಕಳಕ್ಕೆ ಇಳಿದೆವು. 1432ರಲ್ಲಿ ಪ್ರತಿಷ್ಠೆಯಾದ 42 ಅಡಿಯ ಬಾಹುಬಲಿಯ ಪಾದದಲ್ಲಿ ಅಣ್ಣನ ಮಗನಿಗೆ ಎಂಟು ವರ್ಷ ತುಂಬಿತು. ಅಂದೇ ಅಷ್ಟಮೂಲಗುಣಗಳ ನಿಯಮ ಕೊಡಿಸಿದೆವು. ರಾತ್ರಿ ಉಣ್ಣುವುದಿಲ್ಲವೆಂದು ತಾನಾಗಿಯೇ ಸೇರಿಸಿದ. ನಾಲ್ಕೇ ದಿನಕ್ಕೆ ಪರೀಕ್ಷೆ ಬಂತು. ಮೂಡಬಿದಿರೆ, ವೇಣೂರು, ಧರ್ಮಸ್ಥಳ ಮುಗಿಸಿ ಚಾರ್ಮಾಡಿ ಘಟ್ಟ ಏರುವಾಗ ಗಾಲಿ ಪಂಕ್ಚರ್ ಆಯಿತು. ಅದನ್ನು ಬದಲಿಸುವಷ್ಟರಲ್ಲಿ ಸೂರ್ಯ ಮುಳುಗಿದ. ಪಾತ್ರೆಯಲ್ಲಿ ಅನ್ನ, ತೊಗರಿಬೇಳೆ ಸಾರು ಹಾಗೆಯೇ ಇತ್ತು. ಚಿಕ್ಕವನು, ಒಂದು ದಿನಕ್ಕೆ ನಡೆಯುತ್ತದೆ ಎಂದು ಹೇಳಲು ನಮ್ಮ ಬಾಯಿ ತೆರೆದಿತ್ತು. ಅವನು ಪಾತ್ರೆಯ ಮುಚ್ಚಳವನ್ನೊಮ್ಮೆ ನೋಡಿ, ಅಜ್ಜಿಯ ತೊಡೆಯ ಮೇಲೆ ಮಲಗಿಬಿಟ್ಟ.

ಫೆಬ್ರವರಿ 12ಕ್ಕೆ ಬೆಳಗೊಳ ತಲುಪಿದೆವು. 16ರ ಬೆಳಗಿನ ಜಾವ ಬೆಳಗಾವಿಯಿಂದ ಫೋನು. ಸುಮಾರು ನಾಲ್ಕು ವಾರ ಮೊದಲೇ ಹೆರಿಗೆಯಾಗಿದೆ. ಹೆಣ್ಣು ಕೂಸು. ತೂಕ ಎರಡು ಕಿಲೋಕ್ಕೂ ಕಡಿಮೆ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ತಮ್ಮ ಸಿಕ್ಕ ಬಸ್ಸು ಹತ್ತಿ ಹೊರಟ.

ಮಗು ಹುಟ್ಟಿದ ಮನೆಗೆ ಹತ್ತು ದಿನ ಸೂತಕ. ಅಭಿಷೇಕವಿಲ್ಲ, ಮುನಿಗಳಿಗೆ ಆಹಾರದಾನವಿಲ್ಲ. 20ರ ಕಲಶ ಹೋಯಿತು. ಪರಿಚಿತರೊಬ್ಬರು ಪ್ರೀತಿಯಿಂದಲೇ ಹೇಳಿದರು: "ಫೋನು ಬಂದದ್ದು ನಿಮಗೊಬ್ಬರಿಗೆ. ನಾಲ್ಕು ದಿನ ಸುಮ್ಮನಿರಿ. ತಾಯಿ 37 ವರ್ಷ ಕಾದಿದ್ದಾರೆ." ಮುಚ್ಚುಮರೆ ಇಲ್ಲದೆ ಹೇಳುತ್ತೇವೆ, ನಮ್ಮ ಮನಸ್ಸು ಅತ್ತ ವಾಲಿತು. ಅವ್ವನನ್ನು ಕೇಳಿದೆವು. ಅವಳೆಂದಳು: "ಯಾರಿಗಿ ಗೊತ್ತಾಗ್ತದ ಅಂತೀರಿ. ನಮಗ ಗೊತ್ತಾಗ್ಯದಲ್ಲ!" ಆಮೇಲೆ ತುಸು ತಡೆದು, "ಇವನ್ನ ಹಡದಾಗೂ ನಾ ಅತ್ತಿದ್ದಿಲ್ಲ" ಎಂದು ಅಣ್ಣನ ಕಡೆ ನೋಡಿದಳು. ನಮ್ಮ ಕಲಶ ಇನ್ನೊಂದು ಕುಟುಂಬದ ಕೈಯಿಂದ ನಡೆಯಿತು.

17ರಂದು 108 ಕಲಶಗಳ ಮೊದಲ ಅಭಿಷೇಕ. ಗಾಡಿ ನಿಲ್ಲಿಸಿದ್ದ ದೂರದ ಬಯಲಿನಿಂದ ಬೆಟ್ಟದ ಮೇಲೆ ಸ್ವಾಮಿಯ ತಲೆ, ಭುಜ ಮಾತ್ರ ಕಾಣುತ್ತಿದ್ದವು. ಹಾಲು ಯಾವಾಗ, ಚಂದನ ಯಾವಾಗ ಎಂದು ಅಲ್ಲಿಂದ ತಿಳಿಯುವಂತಿರಲಿಲ್ಲ. ಜಯಕಾರ ಕೇಳಿದಾಗಲೆಲ್ಲ ಅವ್ವ ಕೈ ಮುಗಿಯುತ್ತಿದ್ದಳು. ನಮ್ಮಲ್ಲಿ ಒಬ್ಬರಿಗೂ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ಮರುದಿನ ನಸುಕಿನಲ್ಲೇ ಗಾಡಿಯನ್ನು ಬೆಳಗಾವಿಯತ್ತ ತಿರುಗಿಸಿದೆವು.

ಕೂಸು ಪೆಟ್ಟಿಗೆಯಿಂದ ಹೊರಬರಲು ಹದಿನೈದು ದಿನ ಹಿಡಿಯಿತು. ಬೀಗರ ಮನೆಯಲ್ಲಿ ಮೂರು ದಿನಕ್ಕಿಂತ ಹೆಚ್ಚು ಇರಬಾರದೆಂಬುದು ಅವ್ವನ ಕಟ್ಟಳೆ. ಅವರು ಎಷ್ಟು ಒತ್ತಾಯಿಸಿದರೂ ಕೇಳದೆ, ಅವರ ಅಂಗಳದಲ್ಲೇ ಗಾಡಿ ನಿಲ್ಲಿಸಿ ಅದರಲ್ಲಿ ಉಳಿದಳು. ಅಲ್ಲೇ ಬೀಸಿ, ಅಲ್ಲೇ ಬೇಯಿಸಿ, ಬಾಣಂತಿಗೆ ಬಿಸಿ ಊಟ ಒಳಗೆ ಕಳಿಸುತ್ತಿದ್ದಳು. ಅಣ್ಣನ ಸಂಸಾರ ರೈಲು ಹಿಡಿದು ದುಧನಿಗೆ ಮರಳಿತು. ಆ ವರ್ಷ ತೊಗರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 5,450 ರೂಪಾಯಿ ಇದ್ದರೂ ಪೇಟೆಯ ಸವಾಲು ಅದಕ್ಕಿಂತ ಕೆಳಗೇ ನಡೆದಿತ್ತು. ಕಾಕಾ, "ನೀವು ಇದ್ದಿದ್ರೂ ಇಷ್ಟs ಆಗ್ತಿತ್ತು" ಎಂದರು. ಸುಗ್ಗಿ ಬಿಟ್ಟು ಹೋದೆವೆಂಬ ಅಳುಕು ಆ ಒಂದು ಮಾತಿಗೆ ಇಳಿಯಿತು.

ಏಪ್ರಿಲ್ 1, ಕೂಸಿಗೆ 45ನೆಯ ದಿನ. ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಗೆ ಕರೆದೊಯ್ದೆವು. 1204ರಲ್ಲಿ ಕಟ್ಟಿದ ಬಸದಿ. ಮುಖಮಂಟಪದ ಮಾಡಿನಲ್ಲಿ ಕಲ್ಲಿನ ತಾವರೆ ಕೆಳಮುಖವಾಗಿ ಅರಳಿದೆ. ನೇಮಿನಾಥನ ಎದುರು ಅವ್ವ ಕೂಸಿನ ಕಿವಿಯಲ್ಲಿ ಣಮೋಕಾರ ಮಂತ್ರ ಹೇಳಿದಳು. ಯಾತ್ರೆ ಮೊದಲಾದದ್ದೂ ನೇಮಿನಾಥನ ಎದುರಿನಲ್ಲೇ ಎಂದು ನೆನಪಿಸಿದವಳೂ ಅವಳೇ.

ಗಾಡಿ ಕಟ್ಟಿಕೊಂಡು ಯಾತ್ರೆ ಹೊರಡುವ ಬಂಧುಗಳಿಗೆ ನಮ್ಮದೊಂದೇ ಮಾತು: ದಿನಗಳನ್ನು ಬಿಗಿಯಾಗಿ ಕಟ್ಟಬೇಡಿರಿ, ನಿಯಮಗಳನ್ನು ಸಡಿಲ ಬಿಡಬೇಡಿರಿ. ನಾವು ಮೊದಲನೆಯದರಲ್ಲಿ ಸೋತೆವು. ಎರಡನೆಯದನ್ನು ಅವ್ವ ಉಳಿಸಿಕೊಟ್ಟಳು.

ಆ ಕೂಸು ಈಗ ಶಾಲೆಗೆ ಹೋಗುತ್ತದೆ. ಹನ್ನೆರಡು ವರ್ಷದ ಲೆಕ್ಕದಂತೆ ಮುಂದಿನ ಮಹಾಮಸ್ತಕಾಭಿಷೇಕ 2030ಕ್ಕೆ ಬರಬೇಕು. ಆಗ ಅವಳಿಗೂ ಹನ್ನೆರಡು. ಬೀಸುವ ಕಲ್ಲನ್ನು ಅವ್ವ ಅಡುಗೆಮನೆಯ ಮೂಲೆಯಲ್ಲಿ ಒರೆಸಿ ಇಟ್ಟಿದ್ದಾಳೆ.