ಕರೆಂಟು ಹೋದಾಗ ನಿಕ್ ಡ್ರೇಕ್

ಮಳೆಗಾಲದ ಕರೆಂಟನ್ನು ನಂಬಿ ಅಣಶಿಗೆ ಗ್ರಾಮಫೋನ್ ತಟ್ಟೆ ಹೊತ್ತು ತಂದವಳು ಬಹುಶಃ ನಾನೊಬ್ಬಳೇ. ಕುಣಬಿ ಹಾಡುಗಳ ಮೇಲೆ ಪಿಎಚ್.ಡಿ. ಮಾಡುತ್ತಿರುವ ನನಗೆ ಆ ಜುಲೈನಲ್ಲಿ ಬೇಕಿದ್ದದ್ದು ನಾನು ಉಳಿದುಕೊಂಡಿದ್ದ ಮನೆಯ ಅಜ್ಜಿಯ ದನಿ. ಅವರೋ ರೆಕಾರ್ಡರಿನ ಕೆಂಪು ದೀಪ ಕಂಡೊಡನೆ ಕೆಮ್ಮಿ, ಮರೆತೇಹೋಗಿದೆ ಎಂದುಬಿಡುತ್ತಿದ್ದರು. ಗೈಡ್‌ಗೆ ಕೊಡಬೇಕಿದ್ದ ಅಧ್ಯಾಯದ ತುಂಬ ಕೆಮ್ಮೇ ಇತ್ತು.

ತಟ್ಟೆ, ನಿಕ್ ಡ್ರೇಕ್‌ನ 'ಪಿಂಕ್ ಮೂನ್'. 1971ರ ಅಕ್ಟೋಬರಿನಲ್ಲಿ ಲಂಡನ್ನಿನ ಸ್ಟುಡಿಯೋದಲ್ಲಿ ಎರಡೇ ರಾತ್ರಿ ಕೂತು ಮುಗಿಸಿದ್ದು. ಜೊತೆಗಿದ್ದವನು ಸೌಂಡ್ ಎಂಜಿನಿಯರ್ ಜಾನ್ ವುಡ್. ಒಂದು ಗಿಟಾರು, ಒಂದು ಗಂಟಲು, ಮೊದಲ ಹಾಡಿಗೆ ಮಾತ್ರ ಚೂರು ಪಿಯಾನೋ. 11 ಹಾಡು, 28 ನಿಮಿಷ. 1972ರಲ್ಲಿ ಬಂದಾಗ ಕೊಂಡವರು ಕಡಿಮೆ. 1974ರಲ್ಲಿ ತೀರಿಕೊಂಡಾಗ ಅವನಿಗೆ 26. (ನನ್ನ ವಯಸ್ಸಿನವರು ಈ ಲೆಕ್ಕ ಹಾಕದೆ ಇರಲಾರರು.) ಇದನ್ನು ಬರೀ ಕತ್ತಲೆಯ ತಟ್ಟೆ ಅನ್ನುವವರು ಕೊನೆಯ ಹಾಡಿನವರೆಗೆ ಕೇಳಿರುವುದಿಲ್ಲ, ಅವನ ಸಮಾಧಿಯ ಕಲ್ಲಿನ ಮೇಲಿರುವುದು ಬೆಳಗಿನ ಆ ಹಾಡಿನದೇ ಮಾತು.

ಆ ಸಂಜೆ ಮೊದಲ ಬದಿಯ ಕೊನೆಯ ಹಾಡು ನಡೆಯುತ್ತಿತ್ತು. ಕರೆಂಟು ಹೋಯಿತು. ನಿಮಿಷಕ್ಕೆ 33 ಸುತ್ತು ತಿರುಗುತ್ತಿದ್ದ ತಟ್ಟೆ ನಿಧಾನವಾಗುತ್ತ, ಅವನ ದನಿ ಬಾವಿಗೆ ಇಳಿದ ಹಾಗೆ ದಪ್ಪಗಾಗಿ ನಿಂತಿತು. ಒಲೆಯ ಮುಂದೆ ಹಲಸಿನ ಬೇಳೆ ಸುಡುತ್ತಿದ್ದ ಅಜ್ಜಿ ನಕ್ಕರು.

"ಏನು ತಂಗೀ, ಅವನಿಗೆ ನಿದ್ದೆ ಬಂತಾ?"

"ಅವನು ಸತ್ತು ಐವತ್ತು ವರ್ಷ ಆಯ್ತು ಅಜ್ಜಿ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಸತ್ತವನನ್ನ ಹೀಗೆ ತಿರುಗಿಸಿ ತಿರುಗಿಸಿ ಹಾಡಿಸ್ತೀರಾ? ನನ್ನನ್ನೂ ಹೀಗೇ ತಿರುಗಿಸೋದಾ?"

ಸಂಶೋಧನಾ ವಿಧಾನದ ತರಗತಿಯಲ್ಲಿ ಒಪ್ಪಿಗೆ ಪತ್ರ ಬರೆಯುವುದು ಕಲಿಸಿದ್ದರು. ಈ ಪ್ರಶ್ನೆಗೆ ಉತ್ತರ ಅದರಲ್ಲಿರಲಿಲ್ಲ. ಹೌದು ಅಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಹೊರಗೆ ಮಳೆ ಹೆಂಚನ್ನು ಬಡಿಯುತ್ತಿತ್ತು. ಬೆಂಕಿಯ ಬೆಳಕು ಬಿಟ್ಟರೆ ಮನೆಯಲ್ಲಿ ಏನೂ ಕಾಣುತ್ತಿರಲಿಲ್ಲ. ಬೇಳೆಯ ಸಿಪ್ಪೆ ಬಿಡಿಸುತ್ತಲೇ ಅಜ್ಜಿ ಗುನುಗತೊಡಗಿದರು. ಗುನುಗು ಮಾತಾಯಿತು, ಮಾತು ಹಾಡಾಯಿತು. ಕೊಂಕಣಿಯ ಆ ಹಾಡು ನಾನು ಅದುವರೆಗೆ ಕೇಳಿದ್ದಲ್ಲ. ಒಂದು ಸಲವೂ ಕೆಮ್ಮಲಿಲ್ಲ. ರೆಕಾರ್ಡರು ನನ್ನ ಮಡಿಲಲ್ಲೇ ಇತ್ತು, ಬ್ಯಾಟರಿ ತುಂಬಿತ್ತು. ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಒತ್ತಲಿಲ್ಲ. ಆ ಹಾಡು ಇವತ್ತಿಗೂ ನನ್ನ ಪ್ರಬಂಧದಲ್ಲಿಲ್ಲ. ಗೈಡ್‌ಗೆ ಕಾರಣ ಹೇಳಿಲ್ಲ.

ನಸುಕಿನಲ್ಲಿ ಕರೆಂಟು ಬಂತು. ಸ್ವಿಚ್ಚು ಆರಿಸಲು, ಮುಳ್ಳು ಎತ್ತಲು ಎರಡೂ ಮರೆತಿದ್ದೆ. ತಟ್ಟೆ ಗೊರಗೊರ ಎನ್ನುತ್ತ ತಾನೇ ತಿರುಗಿ, ನಿಂತಲ್ಲಿಂದ ಹಾಡು ಮುಂದುವರಿಯಿತು. ಕಂಬಳಿಯೊಳಗಿಂದ ಅಜ್ಜಿಯ ದನಿ ಬಂತು:

"ಎದ್ದ ನೋಡು. ಚಾಕ್ಕೆ ನೀರಿಡು."