ಸೂರ್ಯಾಸ್ತಕ್ಕೆ ಮುನ್ನ

ಕನ್ನಡ ಸತ್ಯವೇದವನ್ನು ಓದುವವರಿಗೆ 'ನೀತಿ' ಎಂಬ ಶಬ್ದವು ಚಿರಪರಿಚಿತವಾದುದು. ಶಾಲೆಯಲ್ಲಿ ನೀತಿಪಾಠವೆಂದರೆ ಸುಳ್ಳಾಡಬಾರದು, ಕದಿಯಬಾರದು, ಹಿರಿಯರಿಗೆ ವಿಧೇಯರಾಗಿರಬೇಕು ಎಂಬಿಷ್ಟೇ. ಪ್ರವಾದಿಗಳ ಗ್ರಂಥಗಳಲ್ಲಿ ಆ ಶಬ್ದದ ವ್ಯಾಪ್ತಿಯು ಇದಕ್ಕಿಂತ ಬಹಳ ಹಿರಿದು. ಕ್ರಿಸ್ತಪೂರ್ವ ಎಂಟನೆಯ ಶತಮಾನದಲ್ಲಿ ಕುರಿಗಾಹಿಯಾದ ಆಮೋಸನು ಇಸ್ರಾಯೇಲಿನ ಧನಿಕರನ್ನು ಖಂಡಿಸಿದುದು ಅವರು ಆರಾಧನೆಯನ್ನು ಬಿಟ್ಟರೆಂದಲ್ಲ. ಉತ್ಸವಗಳನ್ನು ವಿಜೃಂಭಣೆಯಿಂದ ನಡೆಸುತ್ತಲೇ ಅಳತೆಯ ಕೊಳಗವನ್ನು ಕಿರಿದು ಮಾಡಿ, ತಕ್ಕಡಿಯಲ್ಲಿ ಮೋಸವೆಸಗಿ, ಬಡವನನ್ನು ಒಂದು ಜೊತೆ ಕೆರದ ಬೆಲೆಗೆ ಮಾರಿದರೆಂದು. ಆತನ ದೃಷ್ಟಿಯಲ್ಲಿ ನೀತಿಯೂ ನ್ಯಾಯವೂ ಬೇರೆ ಬೇರೆಯಲ್ಲ.

ಮೋಶೆಯ ಧರ್ಮಶಾಸ್ತ್ರದಲ್ಲಿ ಒಂದು ಸಣ್ಣ ವಿಧಿಯುಂಟು. ಕೂಲಿಯಾಳು ಸ್ವದೇಶದವನಾಗಿರಲಿ ಪರದೇಶದವನಾಗಿರಲಿ, ಆತನ ಕೂಲಿಯನ್ನು ಆ ದಿನವೇ, ಹೊತ್ತು ಮುಳುಗುವ ಮುನ್ನವೇ ಸಲ್ಲಿಸತಕ್ಕದ್ದು. ಕಾರಣವನ್ನೂ ಅಲ್ಲಿಯೇ ಹೇಳಿದೆ: ಆತನು ಬಡವನು, ಆ ಕೂಲಿಯ ಮೇಲೆಯೇ ಆತನ ಜೀವವಿದೆ. ಕ್ರಿಸ್ತನು ಹೇಳಿದ ದ್ರಾಕ್ಷೇತೋಟದ ಸಾಮ್ಯದಲ್ಲಿಯೂ ಸಂಜೆಯ ಕೂಲಿಯೇ ಮುಖ್ಯ ವಿಷಯ. ಕೊನೆಯ ಗಳಿಗೆಯಲ್ಲಿ ಕೆಲಸಕ್ಕೆ ಬಂದವನಿಗೂ ಯಜಮಾನನು ಪೂರ್ಣ ಕೂಲಿಯನ್ನೇ ಕೊಟ್ಟನು. ಇದನ್ನು ದೇವಕೃಪೆಯ ದೃಷ್ಟಾಂತವೆಂದು ವ್ಯಾಖ್ಯಾನಿಸುವುದು ವಾಡಿಕೆ. ಅದು ಸರಿಯೂ ಹೌದು. ಆದರೆ ದಿನವೆಲ್ಲ ಸಂತೆಬೀದಿಯಲ್ಲಿ ಕರೆಯುವವರಿಲ್ಲದೆ ನಿಂತವನ ಮನೆಯಲ್ಲಿಯೂ ಮಕ್ಕಳಿಗೆ ಅಷ್ಟೇ ಹಸಿವು ಇದ್ದೀತೆಂಬುದನ್ನು ಆ ಯಜಮಾನನು ಬಲ್ಲವನಾಗಿದ್ದನೆಂದು ನಮಗೆ ತೋರುತ್ತದೆ.

ನಮ್ಮ ಕಾಸರಗೋಡು ಸೀಮೆಯು 1956ರ ವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಅಂಗವಾಗಿದ್ದುದರಿಂದ ಬಾಸೆಲ್ ಮಿಶನ್ನಿನ ಇತಿಹಾಸವು ನಮಗೆ ಹೊರಗಿನದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಶನರಿಗಳು ಸಭೆಯೊಳಗೆ ಜಾತಿಭೇದಕ್ಕೆ ಎಡೆಗೊಡಲಿಲ್ಲ. ಮತಾಂತರ ಹೊಂದಿದವರು ಕುಲವನ್ನೂ ಕುಲಕಸುಬನ್ನೂ ಒಮ್ಮೆಗೇ ಕಳೆದುಕೊಂಡಾಗ ಅವರಿಗೆ ಕೇವಲ ಉಪದೇಶ ಸಾಲದೆಂಬುದು ಮನವರಿಕೆಯಾಯಿತು. 1851ರಲ್ಲಿ ನೇಯ್ಗೆಯ ಕಾರ್ಖಾನೆಯೂ 1865ರಲ್ಲಿ ಪ್ಲೆಬ್ಸ್ಟ್ ಎಂಬವರಿಂದ ಹಂಚಿನ ಕಾರ್ಖಾನೆಯೂ ಮಂಗಳೂರಿನಲ್ಲಿ ಆರಂಭವಾದುವು. ಇಂದಿಗೂ ನಮ್ಮ ಹಳೆಯ ಮನೆಗಳ ಮಾಡಿನಲ್ಲಿರುವ ಕೆಂಪು ಹಂಚು ಆ ವಿಚಾರದ ಫಲ. ಆದರೂ ಕೆಲಸ ಕೊಡುವವನೂ ಗುರುವೂ ಒಂದೇ ಸಂಸ್ಥೆಯವರಾದಾಗ ಕೂಲಿಯವನು ಕೇಳಬೇಕಾದುದನ್ನು ಬಾಯಿಬಿಟ್ಟು ಕೇಳುವುದು ಕಷ್ಟವೆಂಬುದನ್ನೂ ಮರೆಯಲಾಗದು. ಅನ್ನ ಕೊಡುವುದು ದಯೆ. ಕೇಳುವ ಹಕ್ಕನ್ನು ಮನ್ನಿಸುವುದು ನ್ಯಾಯ. ಮೊದಲನೆಯದು ಎರಡನೆಯದರ ಸ್ಥಾನವನ್ನು ತುಂಬಲಾರದು.

ಈ ಕಾರ್ಯವು ಕ್ರೈಸ್ತರ ಸ್ವತ್ತೆಂದು ನಾವು ಹೇಳುವುದಿಲ್ಲ. ಅದೇ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನನ್ನು ಸ್ಥಾಪಿಸಿ, ಸ್ವಜನರ ಬಹಿಷ್ಕಾರವನ್ನು ಸಹಿಸಿ ದಲಿತರ ಮಕ್ಕಳಿಗೆ ವಿದ್ಯೆ ಕೊಡಿಸಿದರು. ಅವರ ಮುಂದೆ ನಮ್ಮ ಸಭೆಗಳು ತಲೆಬಾಗಬೇಕು.

ನಮ್ಮ ನೆರೆಯ ಎಣ್ಮಕಜೆಯನ್ನು ನೋಡಿರಿ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ವಿಷವನ್ನು ಎರಡು ದಶಕಗಳಿಗೂ ಮೀರಿ, 2000ದ ವರೆಗೆ ಸಿಂಪಡಿಸಲಾಯಿತು. ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ತಡೆದುದು 2011ರಲ್ಲಿ. ಪೀಡಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರಲ್ಲಿ ಆಜ್ಞಾಪಿಸಿತು. 2022ರಲ್ಲಿ ಅದೇ ನ್ಯಾಯಾಲಯವು ವಿಳಂಬಕ್ಕಾಗಿ ಸರಕಾರವನ್ನು ಆಕ್ಷೇಪಿಸಬೇಕಾಯಿತು. ಇಂಥ ಮನೆಯಲ್ಲಿ ಹಾಸಿಗೆ ಹಿಡಿದ ಮಗುವಿನ ಬಳಿ ಪ್ರಾರ್ಥಿಸಿ, ಒಂದು ಪೊಟ್ಟಣ ಹಣ್ಣನ್ನಿಟ್ಟು ಬರುವುದು ಸುಲಭ. ಆ ತಾಯಿಯ ಅರ್ಜಿಯನ್ನು ಬರೆದುಕೊಟ್ಟು, ಕಚೇರಿಯ ಸಾಲಿನಲ್ಲಿ ಆಕೆಯೊಂದಿಗೆ ಅರ್ಧ ದಿನ ನಿಲ್ಲುವುದು ಅಷ್ಟು ಸುಲಭವಲ್ಲ. ಅದಕ್ಕೆ ಯಾರೂ ಹಾರ ಹಾಕುವುದಿಲ್ಲ. ಗುಮಾಸ್ತರ ಸಿಡುಕನ್ನೂ ಸಹಿಸಬೇಕು. ಆದರೂ ಪ್ರಾರ್ಥನೆಯು ಆ ಸಾಲಿನ ವರೆಗೆ ನಡೆದು ಬಾರದಿದ್ದರೆ ಅದು ಪೂರ್ಣವಾಯಿತೆಂದು ನಮಗೆ ಅನಿಸದು.

ದೂರದ ಅನ್ಯಾಯವನ್ನು ಖಂಡಿಸುವುದಕ್ಕಿಂತ ಅಂಗಳದ ಅನ್ಯಾಯವನ್ನು ಎತ್ತಿ ಹೇಳುವುದು ಕಠಿನ. ಕೆಲವು ವರ್ಷಗಳ ಹಿಂದೆ ನಾವು ಹೋಗುವ ಸಭೆಯಲ್ಲಿ ಬೆಳೆ ಹಬ್ಬದ ಸಿದ್ಧತೆ ನಡೆದಿತ್ತು. ಚಪ್ಪರಕ್ಕೂ ದೀಪಾಲಂಕಾರಕ್ಕೂ ಹಣವಿತ್ತು. ಅಂಗಳ ಗುಡಿಸುವ ಹೆಂಗಸಿನ ಎರಡು ತಿಂಗಳ ಕೂಲಿ ಮಾತ್ರ ಬಾಕಿ ಇತ್ತು. ಇದನ್ನು ನಾವು ಕೂಟದಲ್ಲಿ ಪ್ರಸ್ತಾಪಿಸಿದೆವು. ಹಿರಿಯರೊಬ್ಬರು, "ಮಾಸ್ತರರೇ, ಇದೇನು ದೇವರ ಸಭೆಯೋ, ಯೂನಿಯನ್ನಿನ ಸಭೆಯೋ?" ಎಂದರು. ಎರಡರಲ್ಲಿಯೂ ಬಾಕಿಯು ಬಾಕಿಯೇ ಎಂದು ನಾವು ಉತ್ತರ ಕೊಟ್ಟೆವು. ಮುಂದಿನ ಆದಿತ್ಯವಾರದೊಳಗೆ ಕೂಲಿ ಸಂದಿತು. ಪ್ರತಿ ತಿಂಗಳ ಮೊದಲನೆಯ ತಾರೀಕಿಗೆ ಕೊಡತಕ್ಕದ್ದೆಂದು ಗೊತ್ತುವಳಿಯೂ ಆಯಿತು. ಆದರೆ ಎರಡು ಮನೆಯವರು ಆರಾಧನೆಯ ತರುವಾಯ ನಮ್ಮನ್ನು ಮಾತನಾಡಿಸುವುದನ್ನು ಬಿಟ್ಟರು. ಈಗಲೂ ಬಿಟ್ಟೇ ಇದ್ದಾರೆ. ಒಂದೇ ಪಾತ್ರೆಯಿಂದ ಪ್ರಭುಭೋಜನವನ್ನು ಸ್ವೀಕರಿಸುವಾಗ ಆ ಮೌನವು ನೋಯಿಸದೆ ಇರುವುದಿಲ್ಲ. ಆ ಹೆಂಗಸಾದರೋ ಒಮ್ಮೆಯೂ ನಮಗೆ ವಂದನೆ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಆಕೆಗೆ ಸಂದುದು ಆಕೆಯದೇ ಹಣ.

ಈ ಭೇದವನ್ನು ನಮ್ಮ ಸಂಘದ ಸದಸ್ಯರಿಗೆ ವಿವರಿಸಬೇಕಾದ ಅಗತ್ಯವಿಲ್ಲ. ಕನ್ನಡ ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರನ್ನೇ ನೇಮಿಸಿರೆಂದು ಕೇಳುವಾಗ ನಾವು ಭಿಕ್ಷೆ ಬೇಡುತ್ತಿದ್ದೇವೆಯೆ? 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯವನ್ನು ಒದಗಿಸಬೇಕೆಂದು ವಿಧಿಸಿದೆ. ಅಧಿಕಾರಿಯೊಬ್ಬನು ಮುಗುಳುನಗುತ್ತ ಅದನ್ನು ಉಪಕಾರವೆಂಬಂತೆ ಕೊಟ್ಟರೆ ನಮಗೆ ಮುಜುಗರವಾಗುತ್ತದೆ. ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವವಳಿಗೂ, ಕೆಂಪುಕಲ್ಲಿನ ಪಣೆಯಲ್ಲಿ ದುಡಿಯಲು ಉತ್ತರ ದೇಶದಿಂದ ಬಂದ, ನಮ್ಮ ಭಾಷೆಯರಿಯದ ಆಳಿಗೂ ಅದೇ ಮುಜುಗರವಿದೆ. ಆತನ ಮಗುವು ನಮ್ಮ ತರಗತಿಗೆ ಬಂದು ಬಾಗಿಲ ಬಳಿ ನಿಂತಾಗ, ಅದನ್ನು ಮುಂದಿನ ಸಾಲಿನಲ್ಲಿ ಕುಳ್ಳಿರಿಸಿ, ಹೆಸರನ್ನು ತಪ್ಪಿಲ್ಲದೆ ಹಾಜರಿ ಪುಸ್ತಕದಲ್ಲಿ ಬರೆದುಕೊಳ್ಳುವುದೂ ಆರಾಧನೆಯ ಒಂದು ಭಾಗವೆಂದೇ ನಾವು ತಿಳಿದಿದ್ದೇವೆ.

ವಾಚಕರಲ್ಲಿ ನಮ್ಮ ಮತದವರಲ್ಲದವರೇ ಅಧಿಕ. ಅವರೂ ಈ ರಾತ್ರಿ ಮಲಗುವ ಮುನ್ನ ಯಾರ ಕೂಲಿಯಾದರೂ ತಮ್ಮಲ್ಲಿ ಉಳಿದಿದೆಯೆ ಎಂದು ಒಮ್ಮೆ ಎಣಿಸಿ ನೋಡಬೇಕೆಂಬುದು ನಮ್ಮ ವಿನಂತಿ.